ಕೊಲೆಸ್ಟ್ರಾಲ್ ಹಿಂದೆ ಬಿದ್ದಾಗ ಒಂದೇ ಪ್ರೋಬ್ ನಂಬಬಾರದು: ನನ್ನ ಅನುಭವ

ಜೀವಕೋಶದೊಳಗೆ ಕೊಲೆಸ್ಟ್ರಾಲ್ ಎಲ್ಲಿಂದ ಎಲ್ಲಿಗೆ ಹೋಗತ್ತೆ ಅಂತ ಪ್ರೋಬ್‌ಗಳಿಂದ (ಅದನ್ನ ಗುರುತಿಸಿ ತೋರಿಸೋ ಅಣುಗಳಿಂದ) ಪತ್ತೆ ಹಚ್ಚೋದೇ ನನ್ನ ಕೆಲಸ. ಪ್ರೋಟೀನ್‌ಗಾದ್ರೆ ಜಿಎಫ್‌ಪಿ ಅನ್ನೋ ಹಸಿರಾಗಿ ಹೊಳೆಯೋ ಪ್ರೋಟೀನ್ ಜೋಡಿಸಿ ನೋಡಬಹುದು, ಆದ್ರೆ ಕೊಲೆಸ್ಟ್ರಾಲ್ ಬರೀ 27 ಕಾರ್ಬನ್ ಇರೋ ಪುಟ್ಟ ಅಣು, ಏನೇ ಅಂಟಿಸಿದ್ರೂ ಅದರ ನಡವಳಿಕೆ ಬದಲಾಗೋ ಅಪಾಯ ಇದ್ದೇ ಇರತ್ತೆ. ಎನ್‌ಬಿಡಿ ಅನ್ನೋ ಹೊಳೆಯೋ ಬಣ್ಣ ಕೂಡಿಸಿದ ಕೊಲೆಸ್ಟ್ರಾಲ್ ಮೆಂಬ್ರೇನ್‌ನಲ್ಲಿ (ಕೋಶದ ಪೊರೆಯಲ್ಲಿ) ನಿಜವಾದದ್ದರ ಥರ ಕೂರೋದೇ ಇಲ್ಲ, ಹಾಗಾಗಿ ನಾನು ಅದನ್ನ ಬಳಸಲ್ಲ.

ನಾನು ಶುರು ಮಾಡೋದು ಫಿಲಿಪಿನ್‌ನಿಂದ. ಸ್ಟ್ರೆಪ್ಟೋಮೈಸಿಸ್ ಬ್ಯಾಕ್ಟೀರಿಯಾ ಮಾಡೋ ವಸ್ತು ಇದು, ಎಸ್ಟರ್ ಆಗದ (ಕೊಬ್ಬಿನಾಮ್ಲ ಸೇರದ) ಕೊಲೆಸ್ಟ್ರಾಲ್‌ಗೆ ಮಾತ್ರ ಅಂಟಿ ಯುವಿ ಬೆಳಕಲ್ಲಿ ನೀಲಿಯಾಗಿ ಹೊಳೆಯತ್ತೆ. ಅದು ಮೆಂಬ್ರೇನನ್ನೇ ಕೆಡಿಸೋದ್ರಿಂದ ಕೋಶಗಳನ್ನ ಮೊದಲು ಪ್ಯಾರಾಫಾರ್ಮಾಲ್ಡಿಹೈಡ್‌ನಲ್ಲಿ ಫಿಕ್ಸ್ ಮಾಡ್ಕೋಬೇಕು (ಇದ್ದ ಹಾಗೇ ಗಟ್ಟಿ ಮಾಡೋದು), ಟ್ರೈಟಾನ್ ಅನ್ನೋ ಡಿಟರ್ಜೆಂಟ್ ಹಾಕಲೇಬಾರದು (ಲಿಪಿಡ್ಡೇ ಕಿತ್ಕೊಂಡು ಹೋಗತ್ತೆ), ಆಮೇಲೆ ಅದರ ಹೊಳಪು ಸೆಕೆಂಡುಗಳಲ್ಲೇ ಮಾಸೋಕೆ ಶುರುವಾಗೋದ್ರಿಂದ ಫೋಕಸ್‌ನ ಬೇರೆ ಚಾನೆಲ್‌ನಲ್ಲಿ ಹಿಡಿದು ಫಿಲಿಪಿನ್ ಚಿತ್ರಾನ ಒಂದೇ ಏಟಿಗೆ ತಗೋತೀನಿ, ಎಕ್ಸ್‌ಪೋಶರ್ ಎಲ್ಲಾ ಸ್ಯಾಂಪಲ್‌ಗೂ ಒಂದೇ.

ಪಾಸಿಟಿವ್ ಕಂಟ್ರೋಲ್‌ಗೆ (ಅಡ್ಡಿ ಖಂಡಿತ ಕಾಣೋ ಹೋಲಿಕೆ ಸ್ಯಾಂಪಲ್‌ಗೆ) ಯು18666ಎ ಅನ್ನೋ ರಾಸಾಯನಿಕ ಹಾಕಿ ರಾತ್ರಿಯಿಡೀ ಬಿಡ್ತೀನಿ. ಅದು ಎನ್‌ಪಿಸಿ1 ಅನ್ನೋ ಪ್ರೋಟೀನನ್ನ ತಡೆಯತ್ತೆ, ಎಲ್‌ಡಿಎಲ್‌ನಿಂದ (ರಕ್ತದಲ್ಲಿ ಕೊಲೆಸ್ಟ್ರಾಲ್ ಹೊರೋ ಕಣದಿಂದ) ಬಂದ ಕೊಲೆಸ್ಟ್ರಾಲ್ ಕೋಶದ ಜೀರ್ಣಚೀಲವಾದ ಲೈಸೋಸೋಮ್‌ನಿಂದ ಆಚೆ ಬರೋಕಾಗದೆ ಅಲ್ಲೇ ರಾಶಿ ಬೀಳತ್ತೆ, ನೀಮನ್-ಪಿಕ್ ಸಿ ಅನ್ನೋ ಆನುವಂಶಿಕ ಕಾಯಿಲೆ ಇರೋ ಮಕ್ಕಳ ಕೋಶಗಳಲ್ಲಿ ಆಗೋ ಹಾಗೇನೇ. ನ್ಯೂಕ್ಲಿಯಸ್ ಪಕ್ಕದಲ್ಲಿ ಗೊಂಚಲು ಗೊಂಚಲಾಗಿ ಹೊಳೆಯೋ ಚುಕ್ಕಿ ಕಾಣತ್ತೆ.

ಈ ಚಿತ್ರ ನೋಡಿದೋರು ಕೋಶದ ತುಂಬಾ ಕೊಲೆಸ್ಟ್ರಾಲ್ ಇದೆ ಅಂತಾರೆ. ಆದ್ರೆ ಅದೇ ಕೋಶಗಳಲ್ಲಿ ಎಲ್‌ಡಿಎಲ್ ರಿಸೆಪ್ಟರ್ (ಎಲ್‌ಡಿಎಲ್‌ನ ಕೋಶದೊಳಗೆ ತಗೊಳ್ಳೋ ಪ್ರೋಟೀನ್) ಅಳೆದು ನೋಡಿ, ಕಮ್ಮಿ ಆಗಿರಲ್ಲ, ಜಾಸ್ತಿ ಆಗಿರತ್ತೆ! ಕಣಜ ತುಂಬಿ ಬೀಗ ಬಿದ್ದಿದೆ, ಅಡುಗೆಮನೇಲಿ ಕಾಳಿಲ್ಲ, ಅಷ್ಟೇ. ಕೊಲೆಸ್ಟ್ರಾಲ್ ಎಷ್ಟಿದೆ ಅಂತ ಕೋಶ ಗಮನಿಸೋದು ಎಂಡೋಪ್ಲಾಸ್ಮಿಕ್ ರೆಟಿಕ್ಯುಲಮ್‌ನಲ್ಲಿ (ಕೋಶದೊಳಗಿನ ಪೊರೆಗಳ ಜಾಲದಲ್ಲಿ), ಅಲ್ಲಿಗೆ ಬರ್ತಿಲ್ಲ ಅಂದ್ರೆ ಎಸ್‌ಆರ್‌ಇಬಿಪಿ ಅನ್ನೋ ಪ್ರೋಟೀನ್ ಎದ್ದು ಇನ್ನೂ ಬೇಕು ಅಂತ ಜೀನ್‌ಗಳನ್ನ ಆನ್ ಮಾಡತ್ತೆ. ಫಿಲಿಪಿನ್ ಇದನ್ನ ಹೇಳೋದೇ ಇಲ್ಲ.

ಅದಕ್ಕೇ ಜೊತೆಗೆ ಎಎಲ್‌ಒಡಿ4 ಬಳಸ್ತೀನಿ. ಬ್ಯಾಕ್ಟೀರಿಯಾ ಟಾಕ್ಸಿನ್ ಒಂದರ ತುಣುಕು, ರಂಧ್ರ ಕೊರೆಯಲ್ಲ, ಜೀವಂತ ಕೋಶದ ಹೊರಮೈಯಲ್ಲಿ ಸ್ಫಿಂಗೋಮೈಲಿನ್ ಅನ್ನೋ ಲಿಪಿಡ್‌ನ ಹಿಡಿತದಲ್ಲಿಲ್ಲದ, ಕೈಗೆ ಸಿಗೋ ಕೊಲೆಸ್ಟ್ರಾಲನ್ನ ಮಾತ್ರ ಹಿಡಿಯತ್ತೆ. ಯು18666ಎ ಹಾಕಿದಾಗ ಒಳಗೆ ಫಿಲಿಪಿನ್ ಏರತ್ತೆ, ಹೊರಗೆ ಎಎಲ್‌ಒಡಿ4 ಇಳಿಯತ್ತೆ. ಎರಡನ್ನೂ ಪಕ್ಕಪಕ್ಕ ಇಟ್ಟಾಗಲೇ ಅಡ್ಡಿ ಎಲ್ಲಿದೆ ಅಂತ ಗೊತ್ತಾಗೋದು, ನನಗಂತೂ ಈ ಕೆಲಸದಲ್ಲಿ ಅತ್ಯಂತ ಇಷ್ಟವಾದ ಭಾಗ ಇದು.

ಕೊಲೆಸ್ಟ್ರಾಲನ್ನ ಯಾವ ಪ್ರೋಟೀನ್ ಹಿಡಿದಿದೆ ಅಂತ ತಿಳೀಬೇಕಂದ್ರೆ ಡಯಾಜಿರೀನ್ (ಬೆಳಕು ಬಿದ್ರೆ ಬೆಸೆಯೋ ಭಾಗ) ಮತ್ತು ಆಲ್ಕೈನ್ (ಆಮೇಲೆ ಬೇರೇದನ್ನ ಜೋಡಿಸೋಕೆ ಕೊಂಡಿ) ಎರಡೂ ಇರೋ ಸ್ಟೆರಾಲ್ ಪ್ರೋಬ್ (ಕೊಲೆಸ್ಟ್ರಾಲ್ ಥರದ ಅಣು) ಬೇಕು. ಕೋಶಕ್ಕೆ ಕೊಟ್ಟು 365 ನ್ಯಾನೋಮೀಟರ್ ಬೆಳಕು ಬಿಟ್ರೆ ಹತ್ತಿರ ಇರೋ ಪ್ರೋಟೀನ್‌ಗೆ ಬೆಸೆದುಕೊಳ್ಳತ್ತೆ, ಆಮೇಲೆ ಕ್ಲಿಕ್ ಕೆಮಿಸ್ಟ್ರಿಲಿ (ಆ ಆಲ್ಕೈನ್ ಕೊಂಡಿಗೆ ಜೋಡಿಸೋ ರಾಸಾಯನಿಕ ಕ್ರಿಯೇಲಿ) ಬಯೋಟಿನ್ ಅನ್ನೋ ಹಿಡಿಕೆ ಕಟ್ಟಿ ಎಳೆದು, ಪ್ರೋಟೀನ್ ಯಾವುದು ಅಂತ ಗುರುತಿಸೋ ಮಾಸ್ ಸ್ಪೆಕ್ ಯಂತ್ರಕ್ಕೆ ಹಾಕೋದು. 2013ರಲ್ಲಿ ಪ್ರಕಟವಾದ ಇಂಥ ಅಧ್ಯಯನದಲ್ಲಿ 250ಕ್ಕೂ ಹೆಚ್ಚು ಪ್ರೋಟೀನ್ ಸಿಕ್ಕಿದ್ವು. ಪಟ್ಟಿ ಉದ್ದ ಬಂತು ಅಂತ ಖುಷಿ ಪಡೋಕೆ ಮುಂಚೆ ಬೆಳಕೇ ಬಿಡದ ಸ್ಯಾಂಪಲ್ ಒಂದು, ಮಾಮೂಲಿ ಕೊಲೆಸ್ಟ್ರಾಲ್ ಹೆಚ್ಚಾಗಿ ಸುರಿದು ಪೈಪೋಟಿಗೆ ಬಿಟ್ಟ ಸ್ಯಾಂಪಲ್ ಒಂದು, ಇವೆರಡು ಇರಲೇಬೇಕು. ಪೈಪೋಟಿಲಿ ಕಮ್ಮಿ ಆಗದ ಹೆಸರನ್ನ ನಾನು ಪಟ್ಟಿಯಿಂದ ತೆಗೆದುಬಿಡ್ತೀನಿ, ಅದು ಎಷ್ಟೇ ಆಸೆ ಹುಟ್ಟಿಸೋ ಪ್ರೋಟೀನ್ ಆಗಿದ್ರೂ.