ಹಳೆ ಡೀಸೆಲ್ ಲಾರಿ ಸ್ಟಾರ್ಟ್ ಆಗ್ತಿಲ್ವಾ? ಸೆಲ್ಫ್ ಬಿಚ್ಚುವ ಮುಂಚೆ ಕೇಬಲ್ ನೋಡಿ

ಕೀ ತಿರುಗಿಸಿದರೆ ಒಂದು 'ಟಕ್'. ಅಷ್ಟೇ, ಇಂಜಿನ್ ಅಲ್ಲಾಡುವುದಿಲ್ಲ. ಇಂಥ ಹೊತ್ತಲ್ಲಿ ಹೆಚ್ಚಿನವರು ಮೊದಲು ಬ್ಯಾಟರಿ ಬದಲಾಯಿಸುತ್ತಾರೆ. ಮತ್ತೆ ಅದೇ ಟಕ್ ಬಂದರೆ ಸೆಲ್ಫ್ (ಇಂಜಿನ್ ತಿರುಗಿಸಿ ಸ್ಟಾರ್ಟ್ ಮಾಡುವ ಮೋಟಾರ್) ಬಿಚ್ಚುತ್ತಾರೆ. ನಾನೂ ಹಾಗೇ ಮಾಡಿದವನು. ಅಷ್ಟು ಭಾರದ ಸೆಲ್ಫ್ ಮೋಟಾರನ್ನು ಗಾಡಿ ಅಡಿ ಮಲಗಿ ಎದೆ ಮೇಲೆ ಇಳಿಸಿಕೊಂಡು, ರಿಪೇರಿ ಮಾಡಿಸಿ, ಮತ್ತೆ ಎತ್ತಿ ಕೂರಿಸಿದೆ. ಕೀ ತಿರುಗಿಸಿದೆ. ಟಕ್! ತೊಂದರೆ ಇದ್ದದ್ದು ಇಂಜಿನ್‌ನಿಂದ ಚಾಸಿಗೆ (ಗಾಡಿಯ ಕಬ್ಬಿಣದ ಚೌಕಟ್ಟಿಗೆ) ಹೋಗುವ ಅರ್ಥ್ ಪಟ್ಟಿಯಲ್ಲಿ, ಅಂದರೆ ಕರೆಂಟ್ ಬ್ಯಾಟರಿ ನೆಗೆಟಿವ್‌ಗೆ ವಾಪಸ್ ಹೋಗುವ ದಾರಿಯಲ್ಲಿ. ಹೆಣೆದ ತಾಮ್ರದ ಪಟ್ಟಿ ಅದು. ನೋಡಲು ಗಟ್ಟಿಮುಟ್ಟಾಗೇ ಇತ್ತು. ಬಗ್ಗಿಸಿ ನೋಡಿದಾಗ ಲಗ್ (ಬೋಲ್ಟ್ ಹಾಕುವ ತುದಿ) ಹತ್ತಿರ ನಾಲ್ಕೈದು ಎಳೆ ಮಾತ್ರ ಉಳಿದಿದ್ದವು, ಮಿಕ್ಕಿದ್ದೆಲ್ಲ ಹಸಿರು ಕಿಲುಬು ಹಿಡಿದು ಪುಡಿಯಾಗಿತ್ತು.

ಇಲ್ಲಿ ಹೇಳುತ್ತಿರುವುದು ಕಂಪ್ಯೂಟರ್ ಇಲ್ಲದ, ಮೆಕ್ಯಾನಿಕಲ್ ಡೀಸೆಲ್ ಪಂಪ್ ಇರುವ ಹಳೆ ಗಾಡಿಗಳ ಬಗ್ಗೆ. ಇವು ಒಮ್ಮೆ ಸ್ಟಾರ್ಟ್ ಆದರೆ ಕರೆಂಟ್ ಹಂಗಿಲ್ಲದೆ ಓಡುತ್ತವೆ, ಕೆಲವದರಲ್ಲಿ ಡೀಸೆಲ್ ಬಿಡುವ ಸೊಲೆನಾಯ್ಡ್ (ಕರೆಂಟ್ ಕೊಟ್ಟಾಗ ಎಳೆದುಕೊಳ್ಳುವ ಕಾಯಿಲ್) ಒಂದಕ್ಕೆ ಮಾತ್ರ ಬೇಕು. ಹಾಗಾಗಿ ಹುಡುಕುವ ಜಾಗ ಕಮ್ಮಿ. ಬೇಕಾದದ್ದು ಒಂದು ಮಲ್ಟಿಮೀಟರ್, ಒಂದು ಟೆಸ್ಟ್ ಲ್ಯಾಂಪ್, ತಂತಿ ಬ್ರಷ್, ಕೀ ತಿರುಗಿಸಲು ಇನ್ನೊಬ್ಬರು.

ಕೆಲಸ ಶುರು ಮಾಡುವ ಮುಂಚೆ ಗೇರ್ ನ್ಯೂಟ್ರಲ್‌ನಲ್ಲಿರಲಿ, ಹ್ಯಾಂಡ್ ಬ್ರೇಕ್ ಎಳೆದಿರಲಿ, ಚಕ್ರಕ್ಕೆ ಕಲ್ಲು ಕೊಡಿ. ಇದನ್ನು ಸುಮ್ನೆ ಹೇಳುತ್ತಿಲ್ಲ. ಗೇರ್‌ನಲ್ಲಿರುವ ಗಾಡಿಗೆ ಕೆಳಗಿಂದ ಸೆಲ್ಫ್ ಹೊಡೆಸಿದರೆ ಅದು ನಿಮ್ಮ ಮೇಲೇ ಬರುತ್ತದೆ. ಟೆಸ್ಟ್ ಮಾಡುವಾಗ ಇಂಜಿನ್ ಸ್ಟಾರ್ಟ್ ಆಗಬಾರದು ಅಂದರೆ ಇಂಜಿನ್ ನಿಲ್ಲಿಸುವ ಸ್ಟಾಪ್ ಕೇಬಲ್ ಎಳೆದು ಹಿಡಿಯಿರಿ. ಕೈಯಲ್ಲಿ ಉಂಗುರ, ಬಳೆ, ವಾಚ್ ಬೇಡ. ಬ್ಯಾಟರಿ ಬಿಚ್ಚುವಾಗ ಮೊದಲು ನೆಗೆಟಿವ್, ಹಾಕುವಾಗ ಕೊನೆಗೆ ನೆಗೆಟಿವ್.

ಮೀಟರ್ ಹಿಡಿಯುವ ಮುಂಚೆ ಒಂದು ಪುಕ್ಕಟೆ ಟೆಸ್ಟ್ ಇದೆ. ಹೆಡ್‌ಲೈಟ್ ಹಾಕಿ, ಕೀ ತಿರುಗಿಸಿ, ಲೈಟ್ ನೋಡಿ. ಲೈಟ್ ಪೂರ್ತಿ ಆರಿ ಹೋದರೆ ಬ್ಯಾಟರಿ ಸತ್ತಿದೆ ಅಥವಾ ಟರ್ಮಿನಲ್ ಲೂಸ್. ಲೈಟ್ ಸ್ವಲ್ಪವೂ ಮಂಕಾಗದೆ, ಸದ್ದೂ ಬಾರದೆ ಇದ್ದರೆ ಸೆಲ್ಫ್‌ಗೆ ಆರ್ಡರ್ರೇ ಹೋಗುತ್ತಿಲ್ಲ, ಅಂದರೆ ಕೀ ಸ್ವಿಚ್, ರಿಲೇ (ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟ್ ಆನ್ ಮಾಡುವ ಸ್ವಿಚ್), ಸಣ್ಣ ವೈರಿನ ಕಡೆ ನೋಡಬೇಕು. ಟಕ್ ಅಂತ ಸದ್ದು ಬಂದೂ ಲೈಟ್ ಪ್ರಖರವಾಗೇ ಇದ್ದರೆ ದಪ್ಪ ಕೇಬಲ್ ಅಥವಾ ಸೆಲ್ಫ್ ಮೇಲಿನ ಸೊಲೆನಾಯ್ಡ್ (ಮೋಟಾರಿಗೆ ಕರೆಂಟ್ ಬಿಡುವ ದೊಡ್ಡ ಸ್ವಿಚ್) ಒಳಗಿನ ಕಾಂಟ್ಯಾಕ್ಟ್. 'ಟಕಟಕಟಕ' ಅಂತ ಬಡಿದುಕೊಂಡರೆ ಕಣ್ಣು ಮುಚ್ಚಿ ಬ್ಯಾಟರಿಯಿಂದ ಶುರು ಮಾಡಿ.

ಬ್ಯಾಟರಿ ವಿಚಾರ ಬೇಗ ಮುಗಿಸೋಣ. 12 ವೋಲ್ಟ್ ಬ್ಯಾಟರಿ ಫುಲ್ ಚಾರ್ಜ್ ಆಗಿ ಕೆಲವು ಗಂಟೆ ಸುಮ್ಮನೆ ಕೂತ ಮೇಲೆ 12.6 ವೋಲ್ಟ್ ಆಸುಪಾಸು ತೋರಿಸಬೇಕು. 12.2 ಅಂದರೆ ಅರ್ಧ ಖಾಲಿ. ಆದರೆ ಈ ಅಂಕಿ ನೋಡಿ ನಂಬಬೇಡಿ, ಸೆಲ್ಫ್ ಹೊಡೆಯುವಾಗ ಎಷ್ಟಕ್ಕೆ ಇಳಿಯುತ್ತದೆ ಅನ್ನೋದೇ ಮುಖ್ಯ. ಫುಲ್ ಚಾರ್ಜ್ ಇದ್ದೂ 9.6ಕ್ಕಿಂತ ಕೆಳಗೆ ಬಿದ್ದರೆ ಬ್ಯಾಟರಿ ಮೇಲೆ ಅನುಮಾನ ಪಡಿ. 24 ವೋಲ್ಟ್ ಗಾಡಿಯಾದರೆ ಈ ಅಂಕಿಗಳನ್ನು ದುಪ್ಪಟ್ಟು ಮಾಡಿಕೊಳ್ಳಿ, ಆದರೆ ಎರಡು ಬ್ಯಾಟರಿಯನ್ನೂ ಬೇರೆ ಬೇರೆಯಾಗಿ ಅಳೆಯಿರಿ. ಅದರಲ್ಲೊಂದು ಕಿತಾಪತಿ ಇದೆ. ಯಾರೋ ರೇಡಿಯೋ ಹಾಕಲು 24ರಲ್ಲಿ 12 ಬೇಕು ಅಂತ ಒಂದೇ ಬ್ಯಾಟರಿಯಿಂದ ವೈರ್ ಎಳೆದಿರುತ್ತಾರೆ. ಆ ಬ್ಯಾಟರಿ ದಿನಾ ಜಾಸ್ತಿ ಖಾಲಿಯಾಗುತ್ತದೆ, ಇನ್ನೊಂದು ಓವರ್‌ಚಾರ್ಜ್ ಆಗುತ್ತದೆ, ಕೊನೆಗೆ ಎರಡೂ ಹಾಳು.

ಈಗ ಅಸಲಿ ವಿಷಯಕ್ಕೆ ಬರೋಣ. ಡೀಸೆಲ್ ಸೆಲ್ಫ್ ನೂರಾರು ಆಂಪ್ಸ್ ಎಳೆಯುತ್ತದೆ. 400 ಆಂಪ್ಸ್ ಅಂದುಕೊಳ್ಳಿ. ದಾರಿಯಲ್ಲಿ ಎಲ್ಲೋ ಒಂದು ಓಮ್‌ನ ನೂರನೇ ಒಂದು ಪಾಲಿನಷ್ಟು ಅಡ್ಡಿ ಇದ್ದರೂ 4 ವೋಲ್ಟ್ ಅಲ್ಲೇ ಮಾಯ. 12ರಲ್ಲಿ 4 ಹೋದರೆ ಸೆಲ್ಫ್ ತಿರುಗುವುದು ಹೇಗೆ? ಇಷ್ಟು ಸಣ್ಣ ಅಡ್ಡಿಯನ್ನು ಮಲ್ಟಿಮೀಟರ್‌ನ ಓಮ್ ಸೆಟ್ಟಿಂಗ್ ಹಿಡಿಯುವುದೂ ಇಲ್ಲ. ಒಂದೇ ಎಳೆ ಉಳಿದಿರುವ ಕೇಬಲ್ ಕೂಡ ಲೋಡ್ ಇಲ್ಲದಾಗ ಪೂರ್ತಿ 12 ವೋಲ್ಟ್ ತೋರಿಸುತ್ತದೆ, ಬೀಪ್ ಅಂತ ಕೂಗುತ್ತದೆ, 'ಕೇಬಲ್ ಸರಿ ಇದೆ' ಅಂತ ನಿಮ್ಮನ್ನು ಯಾಮಾರಿಸುತ್ತದೆ. ಅದಕ್ಕೇ ಅಳೆಯುವುದಾದರೆ ಸೆಲ್ಫ್ ಹೊಡೆಯುತ್ತಿರುವಾಗಲೇ ಅಳೆಯಬೇಕು.

ಮೀಟರನ್ನು ಡಿಸಿ ವೋಲ್ಟ್‌ಗೆ ಇಡಿ. ಒಂದು ಪ್ರೋಬ್ (ಮೀಟರ್ ವೈರಿನ ಮೊನೆ) ಬ್ಯಾಟರಿಯ ಪಾಸಿಟಿವ್ ಕಂಬದ ಮೇಲೆ. ಕೇಬಲ್ ತುದಿಯ ಕ್ಲಾಂಪ್ ಮೇಲಲ್ಲ, ಸೀಸದ ಕಂಬದ ಮೇಲೇ. ಇನ್ನೊಂದು ಸೆಲ್ಫ್‌ನ ದಪ್ಪ ಬೋಲ್ಟ್ ಮೇಲೆ, ಬ್ಯಾಟರಿ ಕೇಬಲ್ ಬಂದು ಸೇರುತ್ತದಲ್ಲ, ಅಲ್ಲಿ. ಕೀ ತಿರುಗಿಸಲು ಹೇಳಿ. 0.5 ವೋಲ್ಟ್ ಒಳಗಿದ್ದರೆ ಪರವಾಗಿಲ್ಲ. ಆಮೇಲೆ ನೆಗೆಟಿವ್ ಕಡೆ: ಒಂದು ಪ್ರೋಬ್ ನೆಗೆಟಿವ್ ಕಂಬದ ಮೇಲೆ, ಇನ್ನೊಂದು ಸೆಲ್ಫ್‌ನ ಬಾಡಿ ಮೇಲೆ, ಬಣ್ಣ ಕೆರೆದು ಲೋಹ ಕಾಣುವ ಜಾಗದಲ್ಲಿ. ಇಲ್ಲಿ 0.3ಕ್ಕಿಂತ ಜಾಸ್ತಿ ಬಂದರೆ ಅರ್ಥ್ ಸರಿ ಇಲ್ಲ. ನನ್ನ ಗಾಡಿಯಲ್ಲಿ ಆ ದಿನ ಇದನ್ನು ಮಾಡಿದ್ದರೆ ಎರಡೇ ನಿಮಿಷದ ಕೆಲಸವಿತ್ತು.

ಹೆಚ್ಚು ಬಂತಾ? ಹಾಗಾದರೆ ಪ್ರೋಬನ್ನು ಒಂದೊಂದೇ ಜಾಯಿಂಟ್ ಹತ್ತಿರ ತರುತ್ತಾ ಹೋಗಿ. ಕಂಬದಿಂದ ಕ್ಲಾಂಪಿಗೆ, ಕ್ಲಾಂಪಿನಿಂದ ಕೇಬಲ್‌ಗೆ, ಕೇಬಲ್‌ನಿಂದ ಲಗ್‌ಗೆ, ಚಾಸಿಯಿಂದ ಇಂಜಿನ್‌ಗೆ. ಎಲ್ಲಿ ಅಂಕಿ ಹಾರುತ್ತದೋ ಅಲ್ಲೇ ಕಳ್ಳ. ಮೀಟರ್ ಇಲ್ಲದಿದ್ದರೂ ಒಂದು ದಾರಿ ಇದೆ. ಹತ್ತು ಸೆಕೆಂಡ್ ಸೆಲ್ಫ್ ಹೊಡೆದು ಕೀ ಬಿಟ್ಟ ಮೇಲೆ ಜಾಯಿಂಟ್‌ಗಳ ಹತ್ತಿರ ಕೈ ತಂದು ನೋಡಿ, ಬಿಸಿಯಾಗಿರುವುದೇ ಕೆಟ್ಟ ಜಾಯಿಂಟ್. ತಟ್ಟನೆ ಮುಟ್ಟಬೇಡಿ, ಸುಡುತ್ತದೆ. ಮತ್ತೆ ಹೊಡೆಯುವ ಮುಂಚೆ ಸೆಲ್ಫ್‌ಗೆ ಒಂದೆರಡು ನಿಮಿಷ ಬಿಡುವು ಕೊಡಿ.

ಇಂಜಿನ್ ಕೂತಿರುವುದು ರಬ್ಬರ್ ಮೌಂಟ್ ಮೇಲೆ ಅನ್ನೋದು ನೆನಪಿರಲಿ. ಬ್ಯಾಟರಿ ನೆಗೆಟಿವ್ ಚಾಸಿಗೆ ಮಾತ್ರ ಹೋಗಿದ್ದರೆ, ಇಂಜಿನ್‌ಗೆ ಅರ್ಥ್ ಸಿಗುವುದು ಆ ಒಂದು ಪಟ್ಟಿಯಿಂದಲೇ. ಅದು ಕಡಿದರೆ ಕರೆಂಟ್ ಬೇರೆ ದಾರಿ ಹುಡುಕುತ್ತದೆ, ಆಕ್ಸಿಲರೇಟರ್ ಕೇಬಲ್ಲೇ ಕಾದು ಹೊಗೆಯಾಡಬಹುದು. ಅನುಮಾನ ಇದ್ದರೆ ಜಂಪರ್ ಕೇಬಲ್ ಒಂದನ್ನು ಬ್ಯಾಟರಿ ನೆಗೆಟಿವ್‌ನಿಂದ ನೇರ ಇಂಜಿನ್ ಬ್ಲಾಕಿಗೆ ಕಚ್ಚಿಸಿ ಕೀ ತಿರುಗಿಸಿ. ಬ್ಲಾಕಿನ ಕಡೆ ಕೊನೆಗೆ ಹಾಕಿ, ಬ್ಯಾಟರಿ ಹತ್ತಿರ ಕಿಡಿ ಬೇಡ. ಚಕ್ಕನೆ ತಿರುಗಿದರೆ ಉತ್ತರ ಸಿಕ್ಕಿತು ಅಲ್ವಾ?

ಕೇಬಲ್ ಎಲ್ಲಾ ಸರಿ ಇದ್ದೂ ಸೆಲ್ಫ್ ಸುಮ್ಮನಿದ್ದರೆ ಸೊಲೆನಾಯ್ಡ್‌ನ ಸಣ್ಣ ಟರ್ಮಿನಲ್ ನೋಡಿ. ಕೀ ತಿರುಗಿಸಿದಾಗ ಅಲ್ಲಿ ಬ್ಯಾಟರಿ ವೋಲ್ಟೇಜ್‌ಗೆ ಹತ್ತಿರದ ಅಂಕಿ ಬರಬೇಕು. ಬಾರದಿದ್ದರೆ ಹಿಂದಕ್ಕೆ ಹೋಗಿ: ಫ್ಯೂಸ್, ರಿಲೇ, ಕ್ಲಚ್ ಸ್ವಿಚ್ ಅಥವಾ ನ್ಯೂಟ್ರಲ್ ಸ್ವಿಚ್, ಕೊನೆಗೆ ಕೀ ಸ್ವಿಚ್. ಒಂದೇ ಥರದ ರಿಲೇ ಪಕ್ಕದಲ್ಲಿದ್ದರೆ ಅದಲು ಬದಲು ಮಾಡಿ ನೋಡಿ. ವೋಲ್ಟೇಜ್ ಬಂದು, ಟಕ್ ಅಂತಲೂ ಅಂದು, ಮೋಟಾರ್ ತಿರುಗದಿದ್ದರೆ ಸೊಲೆನಾಯ್ಡ್ ಒಳಗಿನ ತಾಮ್ರದ ಕಾಂಟ್ಯಾಕ್ಟ್ ಸವೆದಿರಬಹುದು, ಮೋಟಾರ್ ಒಳಗಿನ ಕಾರ್ಬನ್ ಬ್ರಷ್ ಸವೆದು ಮುಗಿದಿರಬಹುದು. ಹತ್ತು ಸಲ ಟಕ್ ಅಂದು ಹನ್ನೊಂದನೇ ಸಲ ಏನೂ ಆಗದವರ ಹಾಗೆ ತಿರುಗುವ ಸೆಲ್ಫ್‌ನಲ್ಲಿ ಬಹುತೇಕ ಇದೇ ಕಥೆ. ಸೆಲ್ಫ್ ಬಿಚ್ಚಬೇಕಾದ ಜಾಗ ಇದು, ಅದಕ್ಕಿಂತ ಮುಂಚೆ ಅಲ್ಲ.

ಇಂಜಿನ್ ಚೆನ್ನಾಗಿ ತಿರುಗುತ್ತದೆ, ಆದರೆ ಹತ್ತಿಕೊಳ್ಳುವುದಿಲ್ಲ ಅಂದರೆ ದಾರಿಯೇ ಬೇರೆ. ಮೊದಲು ಪಂಪ್ ಮೇಲಿನ ಸ್ಟಾಪ್ ಸೊಲೆನಾಯ್ಡ್, ಆಗಲೇ ಹೇಳಿದ ಡೀಸೆಲ್ ಬಿಡುವ ಸೊಲೆನಾಯ್ಡ್ ಇದೇ. ಕೀ ಆನ್ ಮಾಡಿದಾಗ ಅಲ್ಲಿ ಸಣ್ಣ 'ಕ್ಲಿಕ್' ಕೇಳಬೇಕು. ಕೇಳದಿದ್ದರೆ ಆ ವೈರಿಗೆ ಕರೆಂಟ್ ಬರುತ್ತಿದೆಯಾ ನೋಡಿ. ಚಳಿಯಲ್ಲಿ ಮಾತ್ರ ತೊಂದರೆ, ಬಿಸಿ ಇದ್ದಾಗ ಸಲೀಸು ಅಂದರೆ ಹೀಟರ್ ಪ್ಲಗ್ (ಸ್ಟಾರ್ಟ್ ಮಾಡುವ ಮುಂಚೆ ಇಂಜಿನ್ ಒಳಗೆ ಕಾಯಿಸುವ ಪ್ಲಗ್) ನೋಡಿ. ಪ್ಲಗ್‌ಗಳನ್ನು ಜೋಡಿಸುವ ಪಟ್ಟಿ ಬಿಚ್ಚಿ, ಟೆಸ್ಟ್ ಲ್ಯಾಂಪಿನ ಕ್ಲಿಪ್ಪನ್ನು ಬ್ಯಾಟರಿ ಪಾಸಿಟಿವ್‌ಗೆ ಹಾಕಿ, ತುದಿಯನ್ನು ಒಂದೊಂದೇ ಪ್ಲಗ್ ತಲೆಗೆ ಮುಟ್ಟಿಸಿ. ಲ್ಯಾಂಪ್ ಹತ್ತದ ಪ್ಲಗ್ ಸತ್ತಿದೆ. ಎಲ್ಲಾ ಪ್ಲಗ್ ಸರಿ ಇದ್ದರೆ ರಿಲೇ ಮೇಲೆ ಅನುಮಾನ. ಎಷ್ಟೋ ದೊಡ್ಡ ಇಂಜಿನ್‌ಗಳಲ್ಲಿ ಹೀಟರ್ ಪ್ಲಗ್ ಇರುವುದೇ ಇಲ್ಲ, ಇಲ್ಲದ್ದನ್ನು ಹುಡುಕಬೇಡಿ. ಹೀಟರ್ ಇರುವ ಇಂಜಿನ್‌ಗೆ ಈಥರ್ ಸ್ಪ್ರೇ (ಬೇಗ ಹತ್ತಿಕೊಳ್ಳುವ ಸ್ಟಾರ್ಟಿಂಗ್ ಸ್ಪ್ರೇ) ಮಾತ್ರ ಹೊಡೆಯಲೇಬೇಡಿ, ಕೆಂಪಗೆ ಕಾದ ಪ್ಲಗ್‌ಗೆ ಅದು ತಾಗಿದರೆ ಪಿಸ್ಟನ್ನೇ ಒಡೆಯಬಹುದು.

ಉಳಿದದ್ದು ರಾತ್ರಿ ಸರಿ ಇದ್ದು ಬೆಳಿಗ್ಗೆ ಡೌನ್ ಆಗುವ ಬ್ಯಾಟರಿ. ಗಾಡಿ ಓಡುವಾಗ 12 ವೋಲ್ಟ್ ಸಿಸ್ಟಂನಲ್ಲಿ 13.8ರಿಂದ 14.5ರವರೆಗೆ ಚಾರ್ಜಿಂಗ್ ಬರುತ್ತಿದ್ದರೆ ಆಲ್ಟರ್ನೇಟರ್ (ಬ್ಯಾಟರಿ ಚಾರ್ಜ್ ಮಾಡುವ ಯಂತ್ರ) ಕೆಲಸ ಮಾಡುತ್ತಿದೆ, ಗಾಡಿ ನಿಂತಾಗ ಯಾವುದೋ ಒಂದು ಭಾಗ ಕರೆಂಟ್ ಕುಡಿಯುತ್ತಿದೆ ಅಂತ ಅರ್ಥ. ಎಲ್ಲಾ ಆಫ್ ಮಾಡಿ, ನೆಗೆಟಿವ್ ಬಿಚ್ಚಿ, ಕಂಬಕ್ಕೂ ಬಿಚ್ಚಿದ ಕೇಬಲಿಗೂ ನಡುವೆ ಮೀಟರನ್ನು ಆಂಪ್ಸ್ ಸೆಟ್ಟಿಂಗ್‌ನಲ್ಲಿ ಸೇರಿಸಿ. ಆಗ ಮಾತ್ರ ಕೀ ಮುಟ್ಟಬೇಡಿ, ಮೀಟರ್ ಫ್ಯೂಸ್ ಹಾರಿಹೋಗುತ್ತದೆ. 50 ಮಿಲಿಆಂಪ್ಸ್‌ಗಿಂತ ಜಾಸ್ತಿ ಇದ್ದರೆ ಒಂದೊಂದೇ ಫ್ಯೂಸ್ ಎಳೆಯುತ್ತಾ ಬನ್ನಿ, ಯಾವುದನ್ನು ಎಳೆದಾಗ ಅಂಕಿ ಇಳಿಯುತ್ತದೋ ಆ ಲೈನ್ ಹಿಡಿದು ಹೊರಡಿ. ಎಲ್ಲಾ ಫ್ಯೂಸ್ ತೆಗೆದರೂ ಇಳಿಯದಿದ್ದರೆ, ರಾತ್ರಿ ನೆಗೆಟಿವ್ ಮತ್ತೆ ಹಾಕಿಟ್ಟು, ಬೆಳಿಗ್ಗೆ ಗಾಡಿ ಮುಟ್ಟುವ ಮುಂಚೆ ಬಾನೆಟ್ ತೆಗೆದು ಆಲ್ಟರ್ನೇಟರ್ ಮೇಲೆ ಕೈ ಇಡಿ. ಇಂಜಿನ್ ಪೂರ್ತಿ ತಣ್ಣಗಿದ್ದು ಅದೊಂದೇ ಬೆಚ್ಚಗಿದ್ದರೆ, ಒಳಗಿನ ಡಯೋಡ್ (ಕರೆಂಟನ್ನು ಒಂದೇ ದಿಕ್ಕಿಗೆ ಬಿಡುವ ಭಾಗ) ಹೋಗಿದೆ.