ವಾಚ್ ಬಿಚ್ಚಿಟ್ಟ ಮೇಲೆ

ಎರಡು ವರ್ಷದ ಹಿಂದೆ ನನ್ನ ದಿನ ನಸುಕಿನ ನಾಲ್ಕೂವರೆಗೆ ಶುರುವಾಗುತ್ತಿತ್ತು. ಧ್ಯಾನ 20 ನಿಮಿಷ, ಓದು 30 ನಿಮಿಷ, ತಣ್ಣೀರು ಸ್ನಾನ, ಡೈರಿ, ದಿನಕ್ಕೆ 10,000 ಹೆಜ್ಜೆ. ಒಂದೊಂದಕ್ಕೂ ಫೋನಿನಲ್ಲಿ ಟಿಕ್ ಹಾಕಬೇಕು. ಒಂದು ತಪ್ಪಿದರೂ ಇಡೀ ದಿನ ಹಾಳಾಯಿತು ಅನ್ನಿಸುತ್ತಿತ್ತು.

ಶುರು ಮಾಡಿದ್ದು ಒಳ್ಳೆಯದಕ್ಕೇ. ಶುಗರ್ ಗಡಿಯಲ್ಲಿದೆ ಎಂದು ಡಾಕ್ಟರ್ ಹೇಳಿದ್ದರು. ಮೊದಲ ಕೆಲವು ತಿಂಗಳು ನಿಜಕ್ಕೂ ಉಪಯೋಗವಾಯಿತು.

ಮೊದಲು ಕೆಟ್ಟಿದ್ದು ನಿದ್ದೆ. ಕೈಗೆ ಕಟ್ಟಿದ್ದ ಸ್ಮಾರ್ಟ್ ವಾಚ್ ಪ್ರತಿ ಬೆಳಗ್ಗೆ ನಿದ್ದೆಗೆ ನೂರಕ್ಕೆ ಇಷ್ಟು ಅಂತ ಅಂಕ ಕೊಡುತ್ತಿತ್ತು. ಏಳುವಾಗ ಹಗುರವಾಗಿದ್ದ ಮೈ, 62 ಅಂತ ನೋಡಿದ ತಕ್ಷಣ ಭಾರವಾಗುತ್ತಿತ್ತು. ರಾತ್ರಿ ಮಲಗಿದರೆ 'ಇವತ್ತಾದರೂ 85 ಬರಬೇಕು' ಅನ್ನುವುದೇ ಯೋಚನೆ. ಆ ಯೋಚನೆಗೇ ನಿದ್ದೆ ಹಾರಿಹೋಗುತ್ತಿತ್ತು. ಅಮೆರಿಕದ ಸಂಶೋಧಕರು 2017ರಲ್ಲೇ ಈ ಕಾಟಕ್ಕೆ 'ಆರ್ಥೋಸೋಮ್ನಿಯಾ' ಎಂದು ಹೆಸರಿಟ್ಟಿದ್ದರಂತೆ, ನನಗೆ ಆಮೇಲೆ ಗೊತ್ತಾಯಿತು. ವಾಚ್ ನೋಡುವುದು ಮೈಯ ಅಲುಗಾಟ ಮತ್ತು ಎದೆಬಡಿತ. ಅದರಿಂದ ನಿದ್ದೆಯನ್ನು ಅಂದಾಜು ಮಾಡುತ್ತದೆ, ಅಷ್ಟೇ. ಗಾಢ ನಿದ್ದೆ ಎಷ್ಟೆಂದು ಸರಿಯಾಗಿ ಅಳೆಯಲು ತಲೆಗೆ ವೈರ್ ಅಂಟಿಸಿ ಮಿದುಳಿನ ಅಲೆಗಳನ್ನು ನೋಡಬೇಕು. ನಾನು ಆ ಅಂದಾಜನ್ನು ನಂಬಿ, ನನ್ನ ಮೈ ಹೇಳುವುದನ್ನು ನಂಬದೆ ಕೂತಿದ್ದೆ.

ಹೆಜ್ಜೆಯ ಲೆಕ್ಕವೂ ಹೀಗೇ. 1965ರಲ್ಲಿ ಜಪಾನಿನಲ್ಲಿ ಹೆಜ್ಜೆ ಎಣಿಸುವ ಪುಟ್ಟ ಯಂತ್ರವೊಂದು ಮಾರಾಟಕ್ಕೆ ಬಂತು. ಹೆಸರು 'ಮಾನ್‌ಪೊಕೇ', ಅಂದರೆ ಹತ್ತು ಸಾವಿರ ಹೆಜ್ಜೆಯ ಮೀಟರ್. ಆ ಹೆಸರಿನ ಜೊತೆಗೇ ಸಂಖ್ಯೆಯೂ ಹಬ್ಬಿತು. ಅದಕ್ಕಾಗಿ ನಾನು ರಾತ್ರಿ ಹನ್ನೊಂದಕ್ಕೆ ನಡುಮನೆಯಲ್ಲಿ ಸುಮ್ನೆ ಅತ್ತಿಂದಿತ್ತ ನಡೆಯುತ್ತಿದ್ದೆ.

ಒಂದು ಭಾನುವಾರ ಅಪ್ಪ ಮೈಸೂರಿನ ಕುಕ್ಕರಹಳ್ಳಿ ಕೆರೆಗೆ ಜೊತೆಗೆ ಬಂದರು. ಅವರಿಗೆ ಮಂಡಿನೋವು. ನಿಧಾನಕ್ಕೆ ನಡೆಯುತ್ತಾರೆ, ಹಕ್ಕಿ ಕಂಡರೆ ನಿಲ್ಲುತ್ತಾರೆ. ನಾನು ವಾಚ್ ನೋಡಿಕೊಂಡು ಚಡಪಡಿಸುತ್ತಿದ್ದೆ. "ನೀನು ಹೋಗಪ್ಪ, ನಾನು ನಿಧಾನಕ್ಕೆ ಬರ್ತೀನಿ" ಅಂದರು. ನಾನು ಹೋಗಿಬಿಟ್ಟೆ. ಸುತ್ತು ಮುಗಿಸಿ ಬಂದಾಗ ಬೆಂಚಿನ ಮೇಲೆ ಒಬ್ಬರೇ ಕೂತಿದ್ದರು. ನನ್ನನ್ನು ಕಂಡು "ಆಯ್ತಾ ನಿಂದು?" ಅಂತ ಕೇಳಿದರು. ಕೋಪ ಇರಲಿಲ್ಲ. ಅದೇ ನನಗೆ ಜಾಸ್ತಿ ನೋವಾಗಿದ್ದು.

ಅವತ್ತು ರಾತ್ರಿ ವಾಚ್ ಬಿಚ್ಚಿ ಬೀರುವಿನಲ್ಲಿಟ್ಟೆ. ಒಂದು ವಾರ ಬರಿಗೈಯನ್ನೇ ಮತ್ತೆಮತ್ತೆ ನೋಡಿಕೊಳ್ಳುತ್ತಿದ್ದೆ. ಪಟ್ಟಿಯನ್ನು ಒಂದೇ ಸಲ ಬಿಡಲಿಲ್ಲ, ವಾರಕ್ಕೊಂದರಂತೆ ಬಿಟ್ಟೆ. ಒಂದೊಂದರ ಮುಂದೆಯೂ ಒಂದೇ ಪ್ರಶ್ನೆ: ಟಿಕ್ ಹಾಕುವಂತಿಲ್ಲ ಅಂದರೂ ಇದನ್ನು ಮಾಡ್ತೀನಾ? ತಣ್ಣೀರು ಹೋಯಿತು, ಡೈರಿ ಹೋಯಿತು. ಅಲಾರಾಂ ಆರು ಗಂಟೆಗೆ ಬಂತು. ನಡಿಗೆ ಮತ್ತು ಓದು ಉಳಿದವು. ಶುಗರ್ ಮಾತ್ರ ಮೂರು ತಿಂಗಳಿಗೊಮ್ಮೆ ಲ್ಯಾಬಿನಲ್ಲಿ ನೋಡಿಸುತ್ತೇನೆ, ಅದು ಡಾಕ್ಟರ್ ಕೇಳುವ ಲೆಕ್ಕ.

ಭಾನುವಾರ ಈಗ ಅಪ್ಪ ನಿಂತಲ್ಲಿ ನಾನೂ ನಿಲ್ಲುತ್ತೇನೆ. ಮೊನ್ನೆ ಹೆಜ್ಜಾರ್ಲೆಯೊಂದು ರೆಕ್ಕೆ ಬಿಚ್ಚಿ ನೀರಿಗಿಳಿಯುವುದನ್ನು ಅವರೇ ತೋರಿಸಿದರು.