ಗುಂಡಿ ಮುಟ್ಟದೆ ಸುರಗಿ ಹಿಡಿದ ಲೆಕ್ಕ: ನನ್ನ ಅನುಭವ

ಸುರಗಿ ಅನ್ನುವ ಮೀಸೆ ಮೀನು ಮೊಟ್ಟೆ ಮರಿ ಕಾಯುವ ಗುಂಡಿಗಳನ್ನು ಬಿಟ್ಟು, ಉಳಿದ ನೀರಿನಲ್ಲಿ ಗಾಳ ಹಾಕೋಣ ಅಂತ ಕೆಲವು ಬೇಸಿಗೆಗಳ ಹಿಂದೆ ನಾನು ಮಾತು ಎತ್ತಿದಾಗ ದಡದಲ್ಲಿ ಯಾರೂ ಒಪ್ಪಲಿಲ್ಲ. "ನೀನು ಬಿಟ್ಟ ಮೀನು ಪಕ್ಕದವನ ಬಲೆಗೆ ಬೀಳುತ್ತೆ, ಅಷ್ಟೇ" ಅಂದರು. ಈಗ ಅದೇ ಜನ ಈ ಗಾಳ ಎಲ್ಲಿ ತಂದೆ ಅಂತ ಕೇಳ್ತಾರೆ. ಅದಕ್ಕೇ ಬರೆಯುತ್ತಿದ್ದೇನೆ.

ನಾನು ಹರಿಗೋಲು ಹಾಕುವುದು ತುಂಗಭದ್ರಾ ಹಿನ್ನೀರಿನಲ್ಲಿ, ಹಗರಿಬೊಮ್ಮನಹಳ್ಳಿ ಕಡೆ. 1953ರಲ್ಲಿ ಅಣೆಕಟ್ಟು ಮುಗಿದ ಮೇಲೆ ಮೊದಮೊದಲು ಇಲ್ಲಿ ಮೀಸೆ ಮೀನಿನದೇ ಕಾರುಬಾರು. ಸುರಗಿ, ಬಾಳೆ ಮೀನು, ಬೆಳ್ಳಿ ಮೈಯ ಸಿಲೋನಿಯಾ. ಸಿಲೋನಿಯಾ ಈಗ ಅಳಿವಿನ ಅಪಾಯದ ಪಟ್ಟಿಯಲ್ಲಿದೆ. ನಮ್ಮ ಹುಡುಗರು ಅದನ್ನು ನೋಡಿಯೇ ಇಲ್ಲ. ಬಾಳೆ ಮೀನೂ ಅದೇ ದಾರಿ ಹಿಡಿದಿದೆ. ಸಣ್ಣ ಕಣ್ಣಿನ ಅಲಿವಿ ಬಲೆ ಏನು ಮಾಡಿದೆ ಅಂತ ನಿಮಗೆ ನಾನು ಹೇಳಬೇಕಿಲ್ಲ. ಒಣಮೀನಿಗೆಂದು ಎಳೆಯುತ್ತಾರೆ, ಅದರಲ್ಲಿ ಸುರಗಿ ಮರಿ ಬುಟ್ಟಿಗಟ್ಟಲೆ. ಬೆರಳುದ್ದದ ಮರಿ ಕಿಲೋಗೆ ನಲವತ್ತು ಐವತ್ತು ರೂಪಾಯಿಗೆ ಹೋಗುತ್ತದೆ. ಅದೇ ಮರಿ ಬೆಳೆದರೆ ಒಂದೊಂದೇ ಎರಡು ಕಿಲೋ ತೂಗುತ್ತದೆ. ನನಗೆ ಹೊಟ್ಟೆ ಉರಿಯುವುದು ಇಲ್ಲೇ.

ಮೊದಲು ಎಲ್ಲರೂ ಹೇಳುವ ದಾರಿಯನ್ನೇ ಹಿಡಿದೆ: ದೊಡ್ಡ ಕಣ್ಣಿನ ಬಲೆ. ನಾಲ್ಕು ಇಂಚು ಕಣ್ಣಿನ ತಂಗೂಸಿ (ನೈಲಾನ್ ನೂಲಿನ) ಬಲೆ ಹೊಸದಾಗಿ ತಂದೆ, ಹದಿನೈದು ಸಾವಿರದ ಹತ್ತಿರ ಆಯಿತು. ಕಾಟ್ಲಾ, ರೋಹುಗೆ ಅದು ಸರಿ. ಸಣ್ಣದು ತೂರಿ ಹೋಗುತ್ತದೆ. ಸುರಗಿಗೆ ಆಗಲ್ಲ. ಅದರ ಎದೆಯ ಎರಡು ಮುಳ್ಳು, ಬೆನ್ನಿನ ಒಂದು ಮುಳ್ಳು ನೋಡಿದ್ದೀರಲ್ಲ, ಗರಗಸದ ಹಾಗೆ. ಮೈ ತೂರಿದರೂ ಮುಳ್ಳು ಸಿಕ್ಕಿಕೊಳ್ಳುತ್ತದೆ. ಮರಿ ಒದ್ದಾಡಿ ನೂಲನ್ನು ಸುತ್ತಿಕೊಂಡು ರಾತ್ರಿಯೇ ಸಾಯುತ್ತದೆ. ಬಿಡಿಸಲು ಹೋದರೆ ಬಲೆ ಹರಿಯುತ್ತದೆ, ಬೆಳಿಗ್ಗೆಯೆಲ್ಲ ಹೊಲಿಯುತ್ತಾ ಕೂರಬೇಕು. ಕಣ್ಣಿನ ಅಳತೆಯೊಂದರಿಂದ ಮೀಸೆ ಮೀನು ಉಳಿಯುತ್ತದೆ ಅಂತ ಯಾರಾದರೂ ಹೇಳಿದರೆ ನಂಬಬೇಡಿ.

ಆಮೇಲೆ ಗುಂಡಿಗಳ ಕಡೆ ತಿರುಗಿದೆ. ಬೇಸಿಗೆಯಲ್ಲಿ ಹಿನ್ನೀರು ಇಳಿಯುತ್ತಾ ಬಂದ ಹಾಗೆ ಅಂಚಿನ ಜೇಡಿಯಲ್ಲಿ ಸುರಗಿ ಗುಂಡಿ ಕಾಣುತ್ತವೆ, ಒಂದೆರಡು ಮೊಳ ಅಗಲ, ಒಳಗೆ ಕಸ ಕಡ್ಡಿ ಇರಲ್ಲ. ಮೊಟ್ಟೆ ಮರಿ ಕಾಯುವುದು ಗಂಡು. ಆ ಸಮಯದಲ್ಲಿ ಹಿಡಿದು ತಿರುಗಿಸಿ ನೋಡಿ, ಹೊಟ್ಟೆಯ ಚರ್ಮ ಉಬ್ಬಿ ಮೆತ್ತಗಾಗಿರುತ್ತದೆ. ಅದು ಜಾಗ ಬಿಟ್ಟು ಕದಲುವುದಿಲ್ಲ, ಹಾಗಾಗಿ ಹಿಡಿಯುವುದು ಸುಲಭ. ಆದರೆ ಆ ಒಂದನ್ನು ತೆಗೆದರೆ ಗುಂಡಿಯ ಮರಿಗಳನ್ನು ಜಿಲೇಬಿ, ಗಿರ್ಲು ಮುಂತಾದ ಬೇರೆ ಮೀನುಗಳು ಸೇರಿ ಮುಗಿಸುತ್ತವೆ. ಒಂದು ಕಿಲೋ ಮೀನಿಗೆ ಒಂದು ಸಂಸಾರವೇ ಹೋಯಿತು, ಅಲ್ವಾ?

ನಮ್ಮ ಕಡೆಯ ಎರಡು ಮೂಲೆ ಗುರುತು ಮಾಡಿದೆ. ಏಪ್ರಿಲ್‌ನಿಂದ ಹೊಸ ನೀರು ಬಂದು ತಿಳಿಯಾಗುವವರೆಗೆ ಅಲ್ಲಿ ಬಲೆ ಇಲ್ಲ. ಮೊದಲ ವರ್ಷ ಬಿದಿರು ನೆಟ್ಟೆ, ಯಾರೋ ಸೌದೆಗೆ ಕಿತ್ತುಕೊಂಡು ಹೋದರು. ಎರಡನೇ ವರ್ಷ ಜಾಲಿ ಮುಳ್ಳಿನ ಕೊಂಬೆ ಕಲ್ಲು ಕಟ್ಟಿ ಮುಳುಗಿಸಿದೆ. ಮುಳ್ಳಿದ್ದ ಕಡೆ ಬಲೆ ಎಳೆಯಲು ಯಾರಿಗೂ ಧೈರ್ಯವಿಲ್ಲ. ಒಂದು ಬಲೆ ಹರಿದರೆ ಸಾಕು, ಮತ್ತೆ ಆ ಕಡೆ ಬರಲ್ಲ. ಖರ್ಚು ಎಂದರೆ ಎರಡು ದಿನದ ಕೂಲಿ. ಕೊಂಬೆ ಯಾವ ಆಳದಲ್ಲಿ, ಯಾವ ದಿಕ್ಕಿಗೆ ಅನ್ನುವುದನ್ನು ನನ್ನ ಹತ್ತಿರವೇ ಇಟ್ಟುಕೊಳ್ಳುತ್ತೇನೆ.

ಹಾಗಾದರೆ ಹೊಟ್ಟೆಪಾಡು? ಉಳಿದ ನೀರಿನಲ್ಲಿ ಉದ್ದ ಹಗ್ಗಕ್ಕೆ ಸಾಲಾಗಿ ಗಾಳ ಕಟ್ಟಿದೆ. ತುದಿ ಒಳಕ್ಕೆ ಬಾಗಿದ ಗಾಳ ತೆಗೆದುಕೊಳ್ಳಿ, ಸಾಮಾನ್ಯ ಗಾಳ ಬೇಡ. ಇದು ಹೆಚ್ಚಾಗಿ ದವಡೆಯ ಮೂಲೆಗೆ ಸಿಗುತ್ತದೆ, ಹೊಟ್ಟೆಗೆ ಇಳಿಯುವುದು ಕಡಿಮೆ. ಸಣ್ಣದು ಬಂದರೆ ಕೈ ಒದ್ದೆ ಮಾಡಿಕೊಂಡು ತಿರುಗಿಸಿ ಬಿಟ್ಟರೆ ಈಜಿ ಹೋಗುತ್ತದೆ. ಎರೆಗೆ ಸೀಗಡಿ, ಎರೆಹುಳು ಎಲ್ಲರೂ ಹಾಕುತ್ತೀರಿ. ನಾನು ಇನ್ನೊಂದು ಸೇರಿಸುತ್ತೇನೆ, ಅದು ಮನೆಯ ಗುಟ್ಟು.

ಮೊದಲ ತಿಂಗಳು ಲೆಕ್ಕ ಬಿದ್ದುಹೋಯಿತು, ಬಲೆಯ ಅರ್ಧದಷ್ಟೂ ತೂಕ ಬರಲಿಲ್ಲ. ಮುಂಗಡ ಕೊಟ್ಟ ಏಜೆಂಟ್ ಮನೆ ಮುಂದೆ ಬಂದು ಕೂತ. ದಾರಿ ತಿರುಗಿದ್ದು ಮೀನಿನ ಗುಣಮಟ್ಟದಿಂದ. ಬಲೆಯಲ್ಲಿ ರಾತ್ರಿಯೆಲ್ಲ ಸತ್ತುಬಿದ್ದ ಮೀನು ಮೆತ್ತಗಾಗುತ್ತದೆ, ಆಮೆಯೂ ಕಚ್ಚಿರುತ್ತದೆ. ಗಾಳದ ಮೀನು ಜೀವಂತ ಬರುತ್ತದೆ, ಕೂಡಲೇ ಐಸ್‌ಗೆ ಹೋಗುತ್ತದೆ. ಹೊಸಪೇಟೆಯಲ್ಲಿ ಕಿಲೋಗೆ ಅರವತ್ತು ಎಪ್ಪತ್ತು ರೂಪಾಯಿ ಜಾಸ್ತಿ ಸಿಕ್ಕಿತು. ಎರಡನೇ ಹಂಗಾಮಿಗೆ ನಷ್ಟ ತುಂಬಿತು. ನಮ್ಮ ದಡದಲ್ಲಿ ಇಂಥ ಮೀನು ಕೊಡುವವನು ಆಗ ನಾನೊಬ್ಬನೇ, ಈ ಮಾತು ಹೆಮ್ಮೆಯಿಂದಲೇ ಹೇಳುತ್ತೇನೆ.

ನಡುವೆ ಬಾಳೆ ಮೀನಿನ ಮರಿಗಳನ್ನು ಬಲೆಯ ಪಂಜರದಲ್ಲಿ ಸಾಕಿಯೂ ನೋಡಿದೆ. ದೊಡ್ಡದು ಚಿಕ್ಕದನ್ನು ನುಂಗುತ್ತಾ ಹೋಗಿ ಕೊನೆಗೆ ಬೆರಳೆಣಿಕೆಯಷ್ಟು ಉಳಿದವು. ವಾರಕ್ಕೊಮ್ಮೆ ಗಾತ್ರ ನೋಡಿ ಬೇರೆ ಮಾಡುವ ತಾಳ್ಮೆ ಇದ್ದವರು ಮಾಡಿ. ಅದರ ಬದಲು ಆಫ್ರಿಕನ್ ಕ್ಯಾಟ್‌ಫಿಶ್ ಸಾಕಿ ಅಂತ ಒಬ್ಬರು ಹೇಳಿದರು. ದೇಶದಲ್ಲಿ ಅದಕ್ಕೆ ನಿಷೇಧ ಇದೆ. ಹೊಳೆಗೆ ಒಮ್ಮೆ ಇಳಿದರೆ ನಮ್ಮ ಮೀನಿನ ಮರಿಗಳನ್ನೆಲ್ಲ ತಿನ್ನುತ್ತದೆ. ದಯವಿಟ್ಟು ಬೇಡ.

2024ರ ಆಗಸ್ಟ್‌ನಲ್ಲಿ ಅಣೆಕಟ್ಟಿನ 19ನೇ ಕ್ರಸ್ಟ್ ಗೇಟ್ ಕೊಚ್ಚಿಹೋದಾಗ ತುಂಬಿದ್ದ ಹಿನ್ನೀರು ಕೆಲವೇ ದಿನದಲ್ಲಿ ಸರ್ರನೆ ಇಳಿಯಿತು. ಅಂಚಿನ ಮುಳ್ಳು ಕೊಂಬೆಗಳು ಒಣ ನೆಲದಲ್ಲಿ ನಿಂತವು, ಕುಣಿಗಳಲ್ಲಿ ಮರಿಗಳು ಸಿಕ್ಕಿಕೊಂಡವು. ಕೈಗೆ ಸಿಕ್ಕಷ್ಟನ್ನು ಬಕೆಟ್‌ನಲ್ಲಿ ಹೊತ್ತು ನೀರಿಗೆ ಬಿಟ್ಟೆವು. ಆ ವರ್ಷ ಎಲ್ಲ ಮುಗಿಯಿತು ಅಂದುಕೊಂಡಿದ್ದೆ. ಆದರೆ ಮುಂದಿನ ಬೇಸಿಗೆಯಲ್ಲಿ ನಮ್ಮ ಎರಡು ಮೂಲೆಗಳಲ್ಲಿ ಗುಂಡಿ ಹೆಚ್ಚೇ ಇದ್ದವು. ಮೊದಲೆಲ್ಲ ಗಾಳಕ್ಕೆ ಮುಕ್ಕಾಲು ಕಿಲೋ ಸುರಗಿ ಬಂದರೆ ಹೆಚ್ಚು ಎನ್ನುವಂತಿತ್ತು. ಈಗ ಒಂದೂವರೆ, ಎರಡು ಕಿಲೋದ್ದು ವಾರದಲ್ಲಿ ಹಲವು ಸಲ ಸಿಗುತ್ತವೆ.

ಮೀನು ಪಕ್ಕದವನ ಬಲೆಗೆ ಹೋಗುತ್ತದೆ ಅಂದಿದ್ದರಲ್ಲ, ಸ್ವಲ್ಪ ಹೋಗುತ್ತದೆ, ನಿಜ. ಆದರೆ ಗುಂಡಿ ಕಾಯುವ ಸುರಗಿ ಮರಿ ಕಾಯುವಷ್ಟು ದಿನ ಎಲ್ಲಿಗೂ ಹೋಗಲ್ಲ, ನಮಗೆ ಬೇಕಾಗಿದ್ದೂ ಅಷ್ಟೇ. ಈಗ ಪಕ್ಕದ ನಾಲ್ಕೈದು ಮನೆಯವರು ಅವರ ಕಡೆಯ ಒಂದು ಮೂಲೆ ಬಿಡಲು ಒಪ್ಪಿದ್ದಾರೆ. ಬರುವ ಮಾರ್ಚ್‌ಗೆ ಕೊಂಬೆ ಹಾಕುತ್ತೇವೆ, ಗಾಳ ಎಲ್ಲರೂ ಸೇರಿ ಒಟ್ಟಿಗೆ ತರಿಸುತ್ತೇವೆ. ಬಿಡಿಯಾಗಿ ಕೊಂಡರೆ ದುಬಾರಿ ಬೀಳುತ್ತದೆ.